ಮುಚ್ಚಿಡುವ ಗುಟ್ಟು, ಕಾಯುವ ಗುಟ್ಟು



ನಮ್ಮ ಕನ್ನಡ ಪುಟಗಳಲ್ಲಿ ಸಾಮಾನ್ಯವಾಗಿ ಹಬ್ಬದ ನೆನಪು, ಊರಿನ ಸುದ್ದಿ, ಮಕ್ಕಳ ಕಾರ್ಯಕ್ರಮದ ವರದಿ, ಒಂದೆರಡು ಅಡುಗೆ ಇರುತ್ತವೆ. ಕುಡಿತದ ಮಾತು ದೇವಸ್ಥಾನದ ಪತ್ರಿಕೆಯಲ್ಲಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ನನಗೂ ಬಹಳ ದಿನ ಹಾಗೆಯೇ ಅನಿಸಿತ್ತು. ಆದರೆ ಇಂಥ ಮಾತನ್ನು ನಾವು ಎಲ್ಲಿಯೂ ಆಡುವುದಿಲ್ಲ ಎಂಬುದೇ ಒಂದು ಮನೆಯನ್ನು ಮುಳುಗಿಸುವ ಹಂತಕ್ಕೆ ತಂದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದರಲ್ಲಿ ನನ್ನ ಪಾಲೂ ಇತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಸ್ನೇಹಿತನೊಬ್ಬ. ಹೆಸರು ಬೇಡ. ಪುತ್ತೂರು ಕಡೆಯವನು. ಮಸ್ಕತ್‌ನಲ್ಲಿ ನಾವಿಬ್ಬರೂ ಒಂದೇ ಕಂಪನಿಯಲ್ಲಿ ಹಲವು ವರ್ಷ ದುಡಿದವರು, ರೂವಿಯಲ್ಲಿ ಅಕ್ಕಪಕ್ಕದ ಬಿಲ್ಡಿಂಗ್‌ಗಳಲ್ಲಿ ಇದ್ದವರು. ಲೆಕ್ಕಪತ್ರದಲ್ಲಿ ಅವನಷ್ಟು ಚುರುಕಿನವರು ನಮ್ಮ ಆಫೀಸಿನಲ್ಲಿ ಇರಲಿಲ್ಲ. ಭಜನೆಗೆ ಕುಳಿತರೆ ತಾಳ ಹಿಡಿಯುತ್ತಿದ್ದವನೂ ಅವನೇ. ಮೊದಮೊದಲು ಗುರುವಾರ ರಾತ್ರಿ ಮಾತ್ರ ಕುಡಿಯುತ್ತಿದ್ದ. ಆಮೇಲೆ ಮಧ್ಯದ ದಿನಗಳೂ ಸೇರಿದವು. ಕೊನೆಗೆ ಬೆಳಿಗ್ಗೆ ಕೈ ನಡುಗದೆ ಪೆನ್ನು ಹಿಡಿಯಬೇಕಾದರೂ ಒಂದು ಗುಟುಕು ಬೇಕೆಂಬಲ್ಲಿಗೆ ಬಂದು ನಿಂತಿತು.

ಈ ಅವಧಿಯಲ್ಲಿ ನಾನು ಮಾಡಿದ್ದೇನು? ಅವನು ಆಫೀಸಿಗೆ ಬಾರದ ದಿನ ಮ್ಯಾನೇಜರ್ ಹತ್ತಿರ ಹೋಗಿ, 'ಅವರಿಗೆ ಜ್ವರ ಸಾರ್' ಎಂದೆ. ಅವನ ಲೆಕ್ಕದ ತಪ್ಪುಗಳನ್ನು ನಾನೇ ಕೂತು ತಿದ್ದಿದೆ. ಊರಿನಿಂದ ಅವನ ತಂದೆ ಫೋನ್ ಮಾಡಿ ವಿಚಾರಿಸಿದಾಗ, 'ಕೆಲಸ ಜಾಸ್ತಿ ಮಾವ, ಅದಕ್ಕೇ ಫೋನ್ ಎತ್ತಲಿಲ್ಲ' ಎಂದೆ. ಅವನ ಹೆಂಡತಿಯೂ ಅದನ್ನೇ ಮಾಡುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಹತ್ತು ವರ್ಷದ ಮಗಳು ಬಾಗಿಲಲ್ಲೇ ನಿಂತು, 'ಅಪ್ಪ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದಾರೆ ಅಂಕಲ್' ಎನ್ನುತ್ತಿದ್ದಳು. ಲೆಕ್ಕಪತ್ರದ ಕೆಲಸದವನಿಗೆ ಎಲ್ಲಿಯ ನೈಟ್ ಡ್ಯೂಟಿ! ಆ ಮಗುವಿನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಕೇಳಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಆದರೂ ಮರುದಿನ ಮ್ಯಾನೇಜರ್ ಹತ್ತಿರ ಮತ್ತೆ 'ಜ್ವರ ಸಾರ್' ಎಂದೆ.

ನಾವೆಲ್ಲ ಅವನ ಮಾನ ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಪರದೇಶದಲ್ಲಿ ಮಾನ ಎಂದರೆ ಬರೀ ಮಾನವಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮಕ್ಕಳ ಶಾಲೆ, ಊರಿನ ಮನೆ ಸಾಲದ ಕಂತು, ತಂಗಿಯ ಮದುವೆ ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ. ಹಾಗಾಗಿ ಮುಚ್ಚಿಡುವುದಕ್ಕೆ ನಮ್ಮಲ್ಲಿ ಕಾರಣಗಳಿಗೆ ಕೊರತೆ ಇರಲಿಲ್ಲ.

2016ರ ಗಣೇಶ ಚೌತಿಯ ಹೊತ್ತಿಗೆ ನಾನೊಂದು ಉಪಾಯ ಹೂಡಿದೆ. ಅವನನ್ನು ದಾರ್ಸೈತಿನ ಕೃಷ್ಣ ಮಂದಿರಕ್ಕೆ ಕರೆದುಕೊಂಡು ಹೋಗಿ, ಇನ್ನು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿಸಿದೆ. ಅವನು ಅತ್ತುಕೊಂಡೇ ಮಾಡಿದ. ಅಂದು ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಆ ದಿನವೇ ಪೂರ್ತಿ ನಿಲ್ಲಿಸಿದ. ಎರಡನೆಯ ದಿನ ಮೈಯೆಲ್ಲ ಬೆವರು, ನಡುಕ. ಆ ರಾತ್ರಿ ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎಂದು ಕೈಯಿಂದ ಒರೆಸತೊಡಗಿದ, ತೀರಿಕೊಂಡ ತಾಯಿಯನ್ನು ಕರೆದು ಮಾತಾಡತೊಡಗಿದ. ಬೆಳಗಿನ ಜಾವ ಫಿಟ್ಸ್ ಬಂತು. ಅವನ ಹೆಂಡತಿ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: 'ಅಣ್ಣಾ, ಇವರು ನನ್ನ ಗುರುತು ಹಿಡೀತಾ ಇಲ್ಲ.'

ಆಸ್ಪತ್ರೆಯ ವೈದ್ಯರು ಅವನನ್ನು ಬೈಯಲಿಲ್ಲ, ನನ್ನನ್ನು ಬೈದರು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಏಕಾಏಕಿ ನಿಲ್ಲಿಸಿದರೆ ಮಿದುಳು ಅದನ್ನು ತಾಳಿಕೊಳ್ಳಲಾರದು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಭ್ರಮೆ, ಕನವರಿಕೆ, ತೀವ್ರ ಗೊಂದಲ ಶುರುವಾಗಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೂ ಅಪಾಯ. ವೈದ್ಯರ ಕಣ್ಗಾವಲಿನಲ್ಲಿ ಔಷಧಿ, ಬಿ-1 ಜೀವಸತ್ವ ಕೊಟ್ಟು ಕೆಲವು ದಿನಗಳಲ್ಲಿ ಇದನ್ನು ಸುರಕ್ಷಿತವಾಗಿ ದಾಟಿಸಬಹುದು. ಇದು ನನಗೆ ಗೊತ್ತಿರಲಿಲ್ಲ. ಒಂದು ರೋಗಕ್ಕೆ ನಾನು ಆಣೆಯನ್ನು ಔಷಧಿಯಾಗಿ ಕೊಟ್ಟಿದ್ದೆ.

ಅವನು ಚೇತರಿಸಿಕೊಂಡು ಹೊರಡುವ ದಿನ ವೈದ್ಯರು ಇನ್ನೊಂದು ಮಾತು ಹೇಳಿದರು. 'ಶರೀರದಿಂದ ಮದ್ಯ ತೆಗೆಯುವುದು ನಮ್ಮ ಕೆಲಸ, ಅದು ಒಂದು ವಾರದ್ದು. ಮತ್ತೆ ಕುಡಿಯದೆ ಇರುವುದು ಪ್ರತಿದಿನದ್ದು. ಅದಕ್ಕೆ ಅದೇ ದಾರಿಯಲ್ಲಿ ನಡೆದವರು ಜೊತೆಗೆ ಬೇಕು.' ಹೀಗೆ ಹೇಳಿ, ಮಸ್ಕತ್‌ನಲ್ಲಿ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಗುಂಪಿನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಆ ಚೀಟಿ ಹಿಡಿದುಕೊಂಡು ಸಂಜೆ ನಾನೇ ಫೋನ್ ಮಾಡಿದೆ. ಎಲ್ಲವನ್ನೂ ಅವನ ಪರವಾಗಿ ಮಾಡಿ ರೂಢಿಯಾಗಿತ್ತಲ್ಲ! ಆ ಕಡೆಯವರು ತಾಳ್ಮೆಯಿಂದ ಕೇಳಿದರು. ಕೊನೆಗೆ ಕೇಳಿದ್ದು ಇಷ್ಟೇ: 'ನೀವು ಕುಡಿಯುವವರಾ?' ಅಲ್ಲ ಎಂದೆ. 'ಹಾಗಾದರೆ ಅವರೇ ಫೋನ್ ಮಾಡಲಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.' ನನಗೆ ಸ್ವಲ್ಪ ಕೋಪವೇ ಬಂತು. ಆದರೆ ಆ ಒಂದು ಫೋನನ್ನು ಅವನ ಬದಲು ನಾನು ಮಾಡಲು ಸಾಧ್ಯವಿರಲಿಲ್ಲ. ಅವನು ಮೂರು ದಿನ ಮಾಡಲಿಲ್ಲ. ನಾಲ್ಕನೆಯ ದಿನ ಮಾಡಿದ.

ಮೊದಲ ಸಭೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅವನು ಒಳಗೆ ಹೋದ, ನಾನು ಹೊರಗೆ ಒಂದು ಗಂಟೆ ಕುಳಿತೆ. ಹಿಂತಿರುಗಿ ಬಂದಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, 'ನಮ್ಮವರು ಯಾರಾದರೂ ಇದ್ದರಾ?' ಅವನು ಕಿಟಕಿಯ ಕಡೆ ನೋಡಿ, 'ಅದನ್ನ ಹೇಳೋ ಹಾಗಿಲ್ಲ ಮಾರಾಯ' ಎಂದ. ಅಷ್ಟು ವರ್ಷ ಸುಳ್ಳಿನ ಮೇಲೆ ಸುಳ್ಳು ಹೇಳಿದವನು ಅಂದು ಒಂದು ಗುಟ್ಟನ್ನು ಗೌರವದಿಂದ ಕಾಯುತ್ತಿದ್ದ. ಆ ಎರಡರ ವ್ಯತ್ಯಾಸವೇ ಈ ಲೇಖನದ ವಿಷಯ.

ಈ ಗುಂಪುಗಳು ಹೇಗೆ ಹುಟ್ಟಿದವು ಎಂಬುದನ್ನು ಹೊರದೇಶದಲ್ಲಿರುವ ನಾವು ತಿಳಿದಿರುವುದು ಒಳ್ಳೆಯದು. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಕೆಲಸದ ಮೇಲೆ ಓಹಾಯೊ ರಾಜ್ಯದ ಆಕ್ರನ್ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಪರಊರು, ಪರಿಚಯದವರಿಲ್ಲ, ಹೋಟೆಲಿನ ಒಂದು ಬದಿಯಲ್ಲಿ ಬಾರಿನ ಗದ್ದಲ. ಇನ್ನು ಕುಡಿಯುವುದೊಂದೇ ಬಾಕಿ ಎನ್ನುವಾಗ, ಅವನು ಟೆಲಿಫೋನಿನ ಕಡೆ ನಡೆದು ಅಲ್ಲಿಯ ಚರ್ಚ್‌ಗಳ ಪಟ್ಟಿ ನೋಡಿ ಒಂದೊಂದಾಗಿ ಫೋನ್ ಮಾಡಿದ. ಅವನು ಕೇಳಿದ್ದು ಹಣವನ್ನಲ್ಲ, ಉಪದೇಶವನ್ನೂ ಅಲ್ಲ. ಮಾತಾಡುವುದಕ್ಕೆ ತನ್ನಂಥ ಇನ್ನೊಬ್ಬ ಕುಡುಕ ಬೇಕು ಎಂದ! ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್. ಅವರು ಕಡೆಯ ಸಲ ಕುಡಿದ ದಿನವೆಂದು ಹೇಳುವ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಬಿಲ್ ವಿಲ್ಸನ್ ಅಂದು ಹೊರಟಿದ್ದು ಡಾಕ್ಟರನ್ನು ಉದ್ಧರಿಸುವುದಕ್ಕಲ್ಲ, ತಾನು ಉಳಿಯುವುದಕ್ಕೆ. ನಾವು ದಾನ ಕೊಡುವಾಗ ಕೊಡುವವನ ಕೈ ಮೇಲಿರುತ್ತದೆ, ತೆಗೆದುಕೊಳ್ಳುವವನ ಕೈ ಕೆಳಗಿರುತ್ತದೆ. ಇಲ್ಲಿ ಹಾಗಿಲ್ಲ. ಹೊಸದಾಗಿ ಬಂದವನ ಕೈ ಹಿಡಿದಾಗ ಹಳಬನೂ ಆ ದಿನದ ಮಟ್ಟಿಗೆ ಉಳಿಯುತ್ತಾನೆ. ನಾನು ನನ್ನ ಸ್ನೇಹಿತನಿಗೆ ಮಾಡಿದ ಸಹಾಯದಲ್ಲಿ, ಎಷ್ಟೇ ಪ್ರೀತಿ ಇದ್ದರೂ, ನನ್ನ ಕೈ ಯಾವಾಗಲೂ ಮೇಲೆಯೇ ಇತ್ತು. ಅದು ಅವನಿಗೆ ಗೊತ್ತಾಗುತ್ತಿತ್ತು.

ಎ.ಎ. ಸಭೆಯ ರೀತಿ ಸರಳ. ಫೀಸು ಇಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವಕ್ಕೆ ಸಾಕು. ಮನೆತನದ ಹೆಸರು, ಕಂಪನಿ, ಜಾತಿ ಕೇಳುವುದಿಲ್ಲ. ಹೊರಗಿನವರ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬರಾಗಿ ತಮ್ಮ ಕತೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಜೀವನಪೂರ್ತಿಯ ಪ್ರತಿಜ್ಞೆ ಮಾಡಿಸುವುದಿಲ್ಲ, ಇವತ್ತಿನ ಒಂದು ದಿನ ಮಾತ್ರ. ಅಲ್ಲಿಯ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಇದು ಬೇರೆ ಮತಕ್ಕೆ ಸೇರಿಸುವ ದಾರಿಯೇ ಎಂದು ನಮ್ಮವರು ಕೇಳುವುದುಂಟು. ಶುರುವಾದದ್ದು ಕ್ರೈಸ್ತ ಪರಿಸರದಲ್ಲಿ, ನಿಜ. ಆದರೆ ಅದು ಯಾವ ಮತಕ್ಕೂ ಸೇರಿದ್ದಲ್ಲ, ದೇವರನ್ನು ಅವರವರು ತಿಳಿದಂತೆ ಎಂಬುದು ಅಲ್ಲಿಯ ನಿಯಮ. ನನ್ನ ಸ್ನೇಹಿತ ಇಂದಿಗೂ ಸಭೆಗೆ ಮೊದಲು ಕಾರಿನಲ್ಲಿ ಕುಳಿತು ಮಹಾಲಿಂಗೇಶ್ವರನನ್ನು ನೆನೆಸಿಕೊಂಡೇ ಒಳಗೆ ಹೋಗುವುದು.

ಅಲ್ಲಿ ಹಳಬರೊಬ್ಬರು ಹೊಸಬನ ಜವಾಬ್ದಾರಿ ಹೊರುತ್ತಾರೆ. ಅವರನ್ನು 'ಸ್ಪಾನ್ಸರ್' ಎನ್ನುತ್ತಾರೆ. ಗಲ್ಫಿನಲ್ಲಿರುವ ನಮಗೆ ಸ್ಪಾನ್ಸರ್ ಎಂದರೆ ಕಫೀಲ್, ವೀಸಾಕ್ಕೆ ರುಜು ಹಾಕುವವರು, ಮುಖ ಕೊಟ್ಟು ಮಾತಾಡಲೂ ಅಂಜಿಕೆಯಾಗುವವರು. ಆ ಪದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ನನಗೆ ಗೊತ್ತಾದದ್ದು ಅವನಿಂದಲೇ: ರಾತ್ರಿ ಎರಡು ಗಂಟೆಗೆ, ಬಾಟಲಿ ಎದುರಿಗಿಟ್ಟುಕೊಂಡು ಫೋನ್ ಮಾಡಿದರೂ ಬೇಸರಿಸದೆ ಎತ್ತುವವರು.

ಇಲ್ಲೊಂದು ಹಳೆಯ ಪ್ರಶ್ನೆ ಏಳುತ್ತದೆ. ಕುಡಿತ ರೋಗವಾದರೆ ಕುಡಿದವನ ತಪ್ಪೇನೂ ಇಲ್ಲವೇ? ಹೆಂಡತಿಯನ್ನು ಅಳಿಸಿದ್ದು, ಸಾಲ ಮಾಡಿದ್ದು, ಮಗಳಿಂದ ಸುಳ್ಳು ಹೇಳಿಸಿದ್ದು ಇವೆಲ್ಲ ರೋಗದ ಲೆಕ್ಕಕ್ಕೆ ಹೋದವೇ? ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನೂ ಇದರ ಹತ್ತಿರದ ಸಂದೇಹವನ್ನೇ ಎತ್ತುತ್ತಾನೆ. ಮನುಷ್ಯ ತನಗೆ ಬೇಡವೆನಿಸಿದ್ದನ್ನೂ ಯಾರೋ ತಳ್ಳಿದ ಹಾಗೆ ಮಾಡಿಬಿಡುವುದು ಏಕೆ ಎಂಬುದು ಅವನ ಗೊಂದಲ. ಕೃಷ್ಣ ಆ ಪ್ರಶ್ನೆಯನ್ನು ನೆಪವೆಂದು ತಳ್ಳಿಹಾಕುವುದಿಲ್ಲ. ಒಳಗಿನ ವೈರಿಯನ್ನು ತೋರಿಸಿಕೊಡುತ್ತಾನೆ, ಗೆಲ್ಲುವ ಹೊಣೆಯನ್ನು ಅರ್ಜುನನ ಮೇಲೆಯೇ ಇಡುತ್ತಾನೆ. ನನಗೆ ತೋಚುವುದೂ ಹೀಗೆಯೇ. ರೋಗ ಬಂದದ್ದಕ್ಕೆ ಅವನನ್ನು ಹೀಯಾಳಿಸುವುದು ಸರಿಯಲ್ಲ, ಆದರೆ ಚಿಕಿತ್ಸೆಗೆ ಹೆಜ್ಜೆ ಇಡುವ ಹೊಣೆ ಅವನದೇ. ಎ.ಎ. ಹೆಜ್ಜೆಗಳಲ್ಲೂ, ನೋಯಿಸಿದವರ ಪಟ್ಟಿ ಮಾಡಿ, ಸಾಧ್ಯವಾದಲ್ಲಿ ಸರಿಪಡಿಸುವ ಕೆಲಸವಿದೆ. ನನ್ನ ಸ್ನೇಹಿತ ಮಗಳ ಮುಂದೆ ಕುಳಿತು, 'ನಿನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ ಪುಟ್ಟಾ, ತಪ್ಪಾಯ್ತು' ಎಂದನಂತೆ. ರೋಗಿಯೂ ಕ್ಷಮೆ ಕೇಳಬಹುದು. ಕೇಳಿದಾಗ ಅವನ ತಲೆ ತಗ್ಗುವುದಿಲ್ಲ, ನೆಟ್ಟಗಾಗುತ್ತದೆ.

ಬರೀ ಕಟ್ಟಳೆಯಿಂದ ಕುಡಿತ ನಿಲ್ಲುತ್ತದೆಯೇ ಎಂಬುದಕ್ಕೂ ನಮ್ಮ ಪುರಾಣದಲ್ಲಿ ಉತ್ತರವಿದೆ. ಮಹಾಭಾರತದ ಮೌಸಲ ಪರ್ವದಲ್ಲಿ, ಋಷಿಗಳ ಶಾಪದ ನಂತರ ದ್ವಾರಕೆಯಲ್ಲಿ ಯಾರೂ ಮದ್ಯ ತಯಾರಿಸಬಾರದು, ತಯಾರಿಸಿದರೆ ಮರಣದಂಡನೆ ಎಂದು ಡಂಗುರ ಸಾರಿಸುತ್ತಾರೆ. ಆದರೂ ಅದೇ ಯಾದವರು ಪ್ರಭಾಸ ತೀರ್ಥಕ್ಕೆ ಹೋಗಿ ಕುಡಿದು ಒಬ್ಬರನ್ನೊಬ್ಬರು ಕೊಂದುಕೊಂಡರು. ಸಾಕ್ಷಾತ್ ಕೃಷ್ಣನಿದ್ದ ಊರಿನ ಕಟ್ಟಳೆಯೇ ಸಾಲದೆ ಹೋಯಿತು. ನಮ್ಮ ಕಾಲದಲ್ಲೂ ಕರ್ನಾಟಕ 2007ರ ಜುಲೈಯಿಂದ ಸಾರಾಯಿ ನಿಷೇಧಿಸಿತು. ಒಮಾನ್ 2019ರ ಜೂನ್‌ನಲ್ಲಿ ಮದ್ಯದ ಮೇಲೆ ವಿಶೇಷ ತೆರಿಗೆ ಹಾಕಿತು. ಇಂಥ ಕ್ರಮಗಳಿಂದ ಹೊಸದಾಗಿ ಕುಡಿಯುವವರು ಕಡಿಮೆಯಾಗಬಹುದು. ಆಗಲೇ ಸಿಕ್ಕಿಬಿದ್ದವನಿಗೆ ಬೇಕಾದದ್ದು ಬೇರೆ.

ಆ ಬೇರೆಯದನ್ನು ನಮ್ಮ ಊರಿನವರು ತಮ್ಮ ರೀತಿಯಲ್ಲಿ ಕಟ್ಟಿದ್ದಾರೆ. ಡಾ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ದಕ್ಷಿಣ ಕನ್ನಡ, ಉಡುಪಿ ಕಡೆಯವರು ನೋಡಿಯೇ ಇರುತ್ತೀರಿ. ಊರಿನ ಸಭಾಭವನದಲ್ಲೋ ದೇವಸ್ಥಾನದ ವಠಾರದಲ್ಲೋ ಸುಮಾರು ಒಂದು ವಾರ ನಡೆಯುವ ಶಿಬಿರ. ಊರವರೇ ಸಮಿತಿ ಮಾಡಿಕೊಂಡು ಊಟ, ವಸತಿ ನೋಡಿಕೊಳ್ಳುತ್ತಾರೆ. ವೈದ್ಯಕೀಯ ತಪಾಸಣೆ, ಆಪ್ತಸಲಹೆ, ವ್ಯಾಯಾಮ, ಭಜನೆ ಇರುತ್ತವೆ, ಮನೆಯವರನ್ನೂ ಕರೆಸುತ್ತಾರೆ. ಇಂಥ ಶಿಬಿರಗಳು ಸಾವಿರಕ್ಕೂ ಹೆಚ್ಚು ನಡೆದಿವೆ. ನನಗೆ ಮುಖ್ಯವೆನಿಸುವುದು ಶಿಬಿರ ಮುಗಿದ ನಂತರದ್ದು. ಕುಡಿತ ಬಿಟ್ಟವರು ನವಜೀವನ ಸಮಿತಿ ಎಂದು ಗುಂಪು ಮಾಡಿಕೊಂಡು ಆಗಾಗ ಸೇರುತ್ತಾರೆ. ಯಾರಾದರೂ ಬರಲಿಲ್ಲವೆಂದರೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಆಕ್ರನ್ನಿನ ಆ ಇಬ್ಬರು ಕಂಡುಕೊಂಡದ್ದನ್ನೇ ನಮ್ಮ ಹಳ್ಳಿಯವರೂ ಕಂಡುಕೊಂಡಿದ್ದಾರೆ. ಒಬ್ಬನೇ ಬಿಡುವುದು ಕಷ್ಟ, ಜೊತೆಯಲ್ಲಿ ಬಿಡಬಹುದು.

ಒಂದು ವ್ಯತ್ಯಾಸವಂತೂ ಇದೆ. ಹಳ್ಳಿಯ ಶಿಬಿರ ಎಲ್ಲರಿಗೂ ತಿಳಿದೇ ನಡೆಯುತ್ತದೆ. ಎ.ಎ. ಕೋಣೆಯ ಒಳಗಿನದು ಹೊರಗೆ ಹೋಗುವುದಿಲ್ಲ. ಊರಿನಲ್ಲಿ ಹೇಗೂ ಎಲ್ಲರಿಗೂ ಎಲ್ಲವೂ ಗೊತ್ತು, ಅಲ್ಲಿ ಊರೇ ಆಸರೆಯಾಗಬಲ್ಲದು. ಇಲ್ಲಿ ಒಂದು ಮಾತು ಹೊರಬಿದ್ದರೆ ಹೊಟ್ಟೆಪಾಡಿಗೇ ಕುತ್ತು ಬರಬಹುದು, ಆದ್ದರಿಂದ ಇಲ್ಲಿ ಗುಟ್ಟೇ ಆಸರೆ. ಹಾಗೆಂದು ಗುಟ್ಟೆಲ್ಲ ಒಂದೇ ಅಲ್ಲ. ನಾವು ಮನೆಮಂದಿ ಮಾಡಿದ ಗುಟ್ಟಿನಲ್ಲಿ ರೋಗಕ್ಕೆ ರಕ್ಷಣೆ ಸಿಕ್ಕಿತು, ಮನುಷ್ಯ ಒಳಗೊಳಗೇ ಸವೆದ. ಆ ಕೋಣೆಯ ಗುಟ್ಟಿನಲ್ಲಿ ಮನುಷ್ಯನಿಗೆ ರಕ್ಷಣೆ ಸಿಕ್ಕಿತು, ರೋಗ ಬೆಳಕಿಗೆ ಬಂತು. ಯಾವುದು ಯಾವುದೆಂದು ತಿಳಿಯುವುದು ಹೇಗೆ? ನಾನು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ವಿಷಯವನ್ನು ಅವನು ನಿಜವಾಗಿ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಯೇ? ಒಬ್ಬರೂ ಇಲ್ಲವಾದರೆ ನಾವು ಮಾಡುತ್ತಿರುವುದು ಮುಚ್ಚಿಡುವ ಕೆಲಸ, ಅದಕ್ಕೆ ದಯೆ ಎಂಬ ಹೆಸರು ಸಲ್ಲದು.

ಯಾರ ಮನೆಯಲ್ಲಾದರೂ ಇಂಥ ಕಷ್ಟವಿದ್ದರೆ ಅನುಭವದಿಂದ ಕೆಲವು ಮಾತು ಹೇಳುತ್ತೇನೆ. ಮೊದಲು ವೈದ್ಯರು, ಆಮೇಲೆ ಗುಂಪು. ಏಕಾಏಕಿ ನಿಲ್ಲಿಸಲು ಒತ್ತಾಯಿಸಬೇಡಿ, ಆಣೆ ಮಾಡಿಸಬೇಡಿ. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಮಾತ್ರೆಗಳ ಜಾಹೀರಾತಿಗೆ ಮರುಳಾಗಬೇಡಿ. ಡೈಸಲ್ಫಿರಾಮ್‌ನಂಥ ಮಾತ್ರೆ ತಿಂದವನು ತಿಳಿಯದೆ ಮದ್ಯ ಕುಡಿದರೆ ಜೀವಕ್ಕೇ ಅಪಾಯವಾಗಬಹುದು. ಮಸ್ಕತ್‌ನ ಅಲ್ ಅಮೆರಾತ್‌ನಲ್ಲಿರುವ ಅಲ್ ಮಸರ್ರಾ ಆಸ್ಪತ್ರೆ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯದು. ಖಾಸಗಿ ಆಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ. ಎ.ಎ. ಸಭೆಗಳು 2020ರ ಕೊರೋನಾ ಕಾಲದಿಂದ ಇಂಟರ್‌ನೆಟ್ ಮೂಲಕವೂ ನಡೆಯುತ್ತಿವೆ, ಸೊಹಾರ್, ಸಲಾಲಾದಲ್ಲಿರುವವರೂ ಸೇರಬಹುದು. ರಜೆಯಲ್ಲಿ ಊರಿಗೆ ಹೋದಾಗ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಭಾರತದಲ್ಲಿರುವ ಬಂಧುಗಳು ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446ಕ್ಕೆ, ಅಥವಾ 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಹೆಂಡತಿ, ಮಕ್ಕಳು, ತಂದೆತಾಯಿ ಇವರಿಗೂ ಆಸರೆ ಬೇಕು. ಬಿಲ್ ವಿಲ್ಸನ್‌ನ ಪತ್ನಿ ಲೋಯಿಸ್ 1951ರಲ್ಲಿ ಅಲ್-ಅನಾನ್ ಎಂಬ ಗುಂಪಿಗೆ ನಾಂದಿ ಹಾಡಿದ್ದು ಇದಕ್ಕಾಗಿಯೇ. ಕುಡಿಯುವವನು ಒಪ್ಪದೆ ಇದ್ದರೂ ಮನೆಯವರು ತಮ್ಮ ಪಾಡಿಗೆ ಸಹಾಯ ಕೇಳಬಹುದು. ಆಫೀಸಿಗೆ ವೈದ್ಯಕೀಯ ರಜೆ ಎಂದರೆ ಅದು ಸುಳ್ಳಲ್ಲ, ಅದಕ್ಕಿಂತ ಹೆಚ್ಚು ಯಾರಿಗೂ ಹೇಳಬೇಕಾಗಿಲ್ಲ. ಮಕ್ಕಳಿಂದ ಮಾತ್ರ ಸುಳ್ಳು ಹೇಳಿಸಬೇಡಿ. 'ಅಪ್ಪನಿಗೆ ಹುಷಾರಿಲ್ಲ' ಎಂದರೆ ಸಾಕು, ಅದು ನಿಜ ಕೂಡ.

ನನ್ನ ಸ್ನೇಹಿತನ ದಾರಿ ನೇರವಾಗಿರಲಿಲ್ಲ. ಬಿಟ್ಟು ಆರು ತಿಂಗಳಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಊರಿಗೆ ಹೋದವನು ಬೊಜ್ಜ ಮುಗಿದ ರಾತ್ರಿ ಕುಡಿದ, ನಾಲ್ಕು ದಿನ ಕುಡಿದ. ಹಿಂತಿರುಗಿ ಬಂದು ಮುಖ ತೋರಿಸಲು ನಾಚಿಕೊಂಡು ಕುಳಿತಿದ್ದಾಗ ಅವನ ಆ ಸ್ಪಾನ್ಸರ್ ಫೋನ್ ಮಾಡಿ, 'ನಿನ್ನ ಕುರ್ಚಿ ಖಾಲಿ ಇದೆ' ಎಂದರಂತೆ. ಮತ್ತೆ ಹೋದ. ಅಂದಿನಿಂದ ಇಂದಿನವರೆಗೆ ಮುಟ್ಟಿಲ್ಲ. ನಾಳೆಯದು ಗೊತ್ತಿಲ್ಲ ಎಂದು ಅವನೇ ಹೇಳುತ್ತಾನೆ. ಈ ಲೇಖನವನ್ನು ಮೊದಲು ಓದಿದವನೂ ಅವನೇ. ಕೆಲವು ವಿವರಗಳನ್ನು ತೆಗೆಸಿದ, ಉಳಿದದ್ದನ್ನು ಒಪ್ಪಿದ.

ಇನ್ನು ನಮ್ಮ ಸಮಾಜದ ಕೆಲಸ. ಇಲ್ಲಿ ಹೊಸ ಸಂಘ ಕಟ್ಟಲು ಅನುಮತಿ ಬೇಕು, ಅದರ ಗೊಡವೆಗೆ ನಾವು ಹೋಗಬೇಕಾಗಿಲ್ಲ. ಇರುವ ಬಾಗಿಲನ್ನು ತೋರಿಸಿಕೊಟ್ಟರೆ ಸಾಕು. ಯಾರಾದರೂ ಬಂದು ಹೇಳಿಕೊಂಡರೆ ಉಪದೇಶ ಬೇಡ, ಕೇಳಿಸಿಕೊಂಡು ನಮ್ಮ ಹೆಂಡತಿಗೂ ಗಂಡನಿಗೂ ಹೇಳದೆ ಇರೋಣ. ಸಭೆಗೆ ಹೋಗಲು ಗಾಡಿ ಇಲ್ಲದವರಿಗೆ ಗಾಡಿ ಕೊಡೋಣ, ಬೇಕಾದರೆ ಹೊರಗೆ ಒಂದು ಗಂಟೆ ಕಾಯೋಣ. ಇನ್ನೊಂದು ಸಣ್ಣ ವಿಷಯ. ನಮ್ಮ ಮನೆಗಳ ಪಾರ್ಟಿಗಳಲ್ಲಿ ಯಾರಾದರೂ 'ನನಗೆ ಬೇಡ, ಜ್ಯೂಸ್ ಸಾಕು' ಎಂದರೆ, 'ಏನ್ರೀ, ವ್ರತವಾ? ಹೆಂಡತಿ ಹೆದರಿಕೆಯಾ?' ಎಂದು ನಗುವುದುಂಟು. ನಾನೂ ನಕ್ಕವನೇ. ಆ ಒಂದು ಲೋಟವನ್ನು ಬೇಡವೆನ್ನಲು ಅವನು ಎಷ್ಟು ದಿನಗಳನ್ನು ಎಣಿಸಿಕೊಂಡು ಬಂದಿದ್ದಾನೋ ನಮಗೆ ತಿಳಿಯದು. ಇನ್ನು ಮುಂದೆ ಏನೂ ಕೇಳದೆ ಜ್ಯೂಸ್ ತಂದುಕೊಡೋಣ.